ಅಮಲ್ದಾರರ ಕರಿಮೀನಿಗೆ ಅಮ್ಮ ಬಂದದ್ದು

ಪುಟ್ಟಬಸಪ್ಪನಿಗೆ ಇದ್ದದ್ದು ಒಂದೇ ಒಂದು ಕೆಟ್ಟ ಚಾಳಿ. ಬೀಡಿಯಲ್ಲ, ಇಸ್ಪೀಟಲ್ಲ. ಯಾರಾದರೂ ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, ಮಾತು ಅರ್ಧ ದಾರಿಗೆ ಬರುವ ಮೊದಲೇ "ಗೊತ್ತು, ಗೊತ್ತು" ಎಂದು ತಲೆಯಾಡಿಸಿಬಿಡುತ್ತಿದ್ದ. ಹೀಗಾಗಿ ಹುಟ್ಟಿದಾಗಿನಿಂದ ಅವನಿಗೆ ಯಾರೂ ಯಾವುದನ್ನೂ ಪೂರ್ತಿಯಾಗಿ ಹೇಳಿಕೊಟ್ಟಿರಲಿಲ್ಲ. ಮದುವೆಯ ಚಪ್ಪರದಲ್ಲಿ ಅಯ್ಯನವರು ಶಾಸ್ತ್ರ ವಿವರಿಸುವಾಗಲೂ ಗೊತ್ತು ಎಂದು, ಕೈ ಹಿಡಿಯುವ ಹೊತ್ತಿಗೆ ಮದುವಣಗಿತ್ತಿಯನ್ನು ಬಿಟ್ಟು ಪಕ್ಕದಲ್ಲಿದ್ದ ಅವಳ ಸೋದರತ್ತೆಯ ಕೈ ಹಿಡಿದಿದ್ದ. ಗುಂಡ್ಲುಪೇಟೆಯ ಬೀಗರು ಅದನ್ನು ಈಗಲೂ ಹೇಳಿಕೊಂಡು ನಗುತ್ತಾರೆ.

ಅವನು ಚಾಮರಾಜನಗರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಪುಣಜನೂರಿನ ಗಡಿ ಕಟ್ಟೆಗೆ ಮಾತ್ರ ಇನ್ನೂ ಯಾವ ಸುಖವೂ ಬಂದಿರಲಿಲ್ಲ. ಸತ್ಯಮಂಗಲದ ರಸ್ತೆಯಲ್ಲಿ ಮೈಸೂರು ಸೀಮೆ ಮುಗಿದು ಮದರಾಸು ಸೀಮೆ ಹತ್ತಿರವಾಗುವ ಕಾಡಂಚಿನ ಜಾಗ ಅದು. ಹೋಗಿಬರುವ ಲಾರಿಗಳನ್ನು ಬರೆದುಕೊಳ್ಳಲು ಅಲ್ಲೊಬ್ಬ ಗುಮಾಸ್ತ ಇರಬೇಕಿತ್ತು. ಇದ್ದವನು ಚಳಿಜ್ವರ ಹಿಡಿದು, ಕಂಬಳಿ ಹೊದ್ದು, ಎತ್ತಿನ ಗಾಡಿಯಲ್ಲಿ ಮಲಗಿಕೊಂಡು ವಾಪಸು ಬಂದಿದ್ದ. ಆನೆಗೆ ಹೆದರಿದೆಯಾ ಎಂದು ಕೇಳಿದರೆ, ಆನೆ ಹೋಗಲಿ ಬಿಡಿ, ದೀಪ ಹಚ್ಚುವ ಹೊತ್ತಿಗೆ ಅಲ್ಲೇನೋ ಸದ್ದಾಗುತ್ತದೆ ಎಂದಷ್ಟೇ ಹೇಳಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಈಗ ಆ ಜಾಗ ಖಾಲಿ. ಕಚೇರಿಯಲ್ಲಿ ಎಲ್ಲರೂ ಅಮಲ್ದಾರರ ಕಣ್ಣಿಗೆ ಬೀಳದಂತೆ ಫೈಲುಗಳ ಹಿಂದೆ ಬಗ್ಗಿಕೊಂಡು ಕೆಲಸ ಮಾಡುತ್ತಿದ್ದರು.

ಅಂಥ ಕಾಲದಲ್ಲಿ ಅಮಲ್ದಾರರು ಹೆಂಡತಿಯೊಡನೆ ಕಾಶಿಗೆ ಹೊರಟರು. ಅವರ ಮನೆಯಲ್ಲೊಂದು ಗಾಜಿನ ಪೆಟ್ಟಿಗೆ, ಅದರಲ್ಲೊಂದು ಮೀನು. ಅಳಿಯ ಕಲ್ಕತ್ತೆಯಿಂದ ತಂದುಕೊಟ್ಟದ್ದಂತೆ. ಸಾಕುವುದು ಯಾರಿಗಾದರೂ ಗೊತ್ತೇ ಎಂದು ಅವರು ಕಚೇರಿಯಲ್ಲಿ ಕೇಳಿದರು. ಮೀನನ್ನು ಮುಟ್ಟುವುದಿರಲಿ, ಮೀನು ಮಾರುವ ಬೀದಿಯಲ್ಲಿ ಮೂಗು ಮುಚ್ಚಿಕೊಂಡು ಹೋಗುವ ವಂಶದ ಪುಟ್ಟಬಸಪ್ಪ ಎದ್ದು ನಿಂತು, ಗೊತ್ತು ಸಾರ್, ಮೈಸೂರಿನ ದೊಡ್ಡವರೊಬ್ಬರ ಕೊಳದ ಮೀನುಗಳೆಲ್ಲ ನಮ್ಮ ಭಾವನ ಕೈಯಲ್ಲೇ ಬೆಳೆದದ್ದು ಎಂದುಬಿಟ್ಟ. ಭಾವ ಆ ಮನೆಗೆ ಬೆಲ್ಲ ಮಾರುತ್ತಿದ್ದದ್ದು ನಿಜ. ಕೊಳದ ಪಕ್ಕದಲ್ಲಿ ಒಮ್ಮೆ ಕಾಲು ಜಾರಿ ಬಿದ್ದದ್ದೂ ನಿಜ.

ಅಮಲ್ದಾರರು ಒಳ್ಳೆಯ ಮನುಷ್ಯರು. ಅವನನ್ನು ಪೆಟ್ಟಿಗೆಯ ಮುಂದೆ ಕೂರಿಸಿಕೊಂಡು ಒಂದೊಂದಾಗಿ ವಿವರಿಸಿದರು. ಇದರ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಏಳಬಹುದು. ಅದು ಚರ್ಮದೊಳಗೆ, ಕಿವಿರಿನೊಳಗೆ ಕೊರೆದು ಕೂರುವ ಸಣ್ಣ ಹುಳ. ಆಗ ನೀರಿಗೆ ಉಪ್ಪು ಹಾಕಬೇಕು, ನೀರನ್ನು ಬೆಚ್ಚಗಿಡಬೇಕು, ಇಷ್ಟಿಷ್ಟೇ, ಇಷ್ಟು ದಿನ ಎಂದರು. ಪುಟ್ಟಬಸಪ್ಪ ಪ್ರತಿಯೊಂದು ಮಾತಿಗೂ ಗೊತ್ತು ಸಾರ್ ಎನ್ನುತ್ತಾ, ಮನಸ್ಸಿನಲ್ಲಿ ಪುಣಜನೂರು ತಪ್ಪಿದ್ದಕ್ಕೆ ಮಾದಪ್ಪನಿಗೆ ಕಾಯಿ ಒಡೆಯುತ್ತಿದ್ದ. ಕೊನೆಗೆ ಅಮಲ್ದಾರರು ನಗುತ್ತಲೇ ಒಂದು ಮಾತು ಹೇಳಿದರು.

"ಇದು ಉಳಿದರೆ ನೀವೂ ಇಲ್ಲೇ ಉಳಿಯುತ್ತೀರಿ, ಪುಟ್ಟಬಸಪ್ಪನವರೇ. ಇಲ್ಲದಿದ್ದರೆ ಪುಣಜನೂರಿಗೆ ಹೇಗೂ ಒಬ್ಬರು ಬೇಕಲ್ಲ."

ಅದೊಂದು ಮಾತನ್ನು ಮಾತ್ರ ಅವನು ಪೂರ್ತಿಯಾಗಿ ಕೇಳಿಸಿಕೊಂಡ.

ಕಚೇರಿಯ ದಲಾಯತ ರಾಚಯ್ಯ ಪೆಟ್ಟಿಗೆಯನ್ನು ತಳ್ಳುಗಾಡಿಯಲ್ಲಿ ಹಳೆ ಮಠದ ಬೀದಿಗೆ ತಂದ. ಲಿಂಗ ಕಟ್ಟಿದವರ ಬೀದಿ. ಮೀನು ಬರುತ್ತಿದೆ ಎಂದು ಬಾಗಿಲುಗಳೆಲ್ಲ ಮುಚ್ಚಿಕೊಂಡವು, ಆಮೇಲೆ ನೋಡುವ ಆಸೆಗೆ ಕಿಟಕಿಗಳೆಲ್ಲ ತೆರೆದುಕೊಂಡವು. ನೋಡಿದವರು ಮೂಗು ಮುಚ್ಚುವುದನ್ನು ಮರೆತರು. ಏಕೆಂದರೆ ಅದು ಅವರು ಕಂಡಿದ್ದ ಯಾವ ಮೀನಿನ ಹಾಗೂ ಇರಲಿಲ್ಲ. ಅಪ್ಪಟ ಕಪ್ಪು, ಅಂಗೈ ತುಂಬುವಷ್ಟು ಗಾತ್ರ. ಬಾಲ ಕಪ್ಪು ರೇಷ್ಮೆ ಸೀರೆಯ ಸೆರಗಿನ ಹಾಗೆ ನೀರಿನಲ್ಲಿ ಹರಡಿಕೊಂಡಿತ್ತು. ಕಣ್ಣುಗಳು ಮುಖದಲ್ಲಿರಲಿಲ್ಲ, ಮುಖದಿಂದ ಹೊರಗೆ ಬಂದಿದ್ದವು. ರೆಪ್ಪೆಯಿಲ್ಲದ ಆ ಗುಡ್ಡೆಗಳು ಬೀದಿಯ ಎರಡೂ ಸಾಲಿನ ಮನೆಗಳನ್ನು ಒಂದೇ ಸಲ ನೋಡುತ್ತಾ ಬಂದವು.

"ಅದು ನನ್ನನ್ನೇ ನೋಡ್ತು ಕಣಮ್ಮಿ," ಎಂದಳು ಪಕ್ಕದ ಮನೆಯ ಕರಿಬಸಮ್ಮ. ಆ ಸಂಜೆಯೊಳಗೆ ಬೀದಿಯ ಪ್ರತಿಯೊಬ್ಬರೂ ಅದು ತಮ್ಮನ್ನೇ ನೋಡಿತು ಎಂದು ಹೇಳಿಕೊಂಡರು.

ಪುಟ್ಟಬಸಪ್ಪನ ಹೆಂಡತಿ ಮಂಗಳಗೌರಿ ಪೆಟ್ಟಿಗೆಯನ್ನು ಅಡಿಗೆಮನೆಗೆ, ದೇವರ ಗೂಡಿಗೆ, ಮಲಗುವ ಕೋಣೆಗೆ ಯಾವುದಕ್ಕೂ ತಾಗಿಸಕೂಡದೆಂದಳು. ಮನೆಯಲ್ಲಿ ಇದ್ದದ್ದೇ ಅಷ್ಟು. ಉಳಿದದ್ದು ರಾಗಿ ವಾಡೆ ಇಟ್ಟಿದ್ದ ಕತ್ತಲೆ ಕೋಣೆ. ಅಲ್ಲೇ ಇಟ್ಟರು. ಮಂಗಳಗೌರಿ ಅತ್ತ ಹೋಗುವಾಗ ಮುಖ ತಿರುಗಿಸಿಕೊಂಡು ರಾಗಿ ತೆಗೆದುಕೊಂಡು ಬರುತ್ತಿದ್ದಳು. ಬೆನ್ನ ಮೇಲೆ ಯಾರೋ ಕಣ್ಣಿಟ್ಟ ಹಾಗಾಗುತ್ತೆ ಎನ್ನುತ್ತಿದ್ದಳು. ಕಣ್ಣಿಟ್ಟಿದ್ದದ್ದಂತೂ ಹೌದು.

ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಕತ್ತಲೆ ಕೋಣೆಯೊಳಗಿಂದ ಸಣ್ಣಗೆ ಟಿಕ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್, ಟಿಕ್. ಪುಟ್ಟಬಸಪ್ಪ ಲಾಟೀನು ಹಿಡಿದು ಹೋಗಿ ನೋಡಿದ. ಮೀನು ಪೆಟ್ಟಿಗೆಯ ತಳದ ಬೆಣಚುಕಲ್ಲುಗಳಿಗೆ ಮೈಯನ್ನು ಓರೆಯಾಗಿ ಉಜ್ಜುತ್ತಿತ್ತು. ಉಜ್ಜಿದಾಗೆಲ್ಲ ಕಲ್ಲಿಗೆ ಕಲ್ಲು ತಾಗಿ ಸದ್ದು. ಅದರ ಕರಿ ಮೈಮೇಲೆ, ಬೆನ್ನಿನಿಂದ ಬಾಲದವರೆಗೆ, ಬೆಳ್ಳನೆಯ ಚುಕ್ಕೆಗಳು ಎದ್ದಿದ್ದವು.

ಅಮಲ್ದಾರರು ಇದಕ್ಕೇನೋ ಹೇಳಿದ್ದರು. ಉಪ್ಪು ಎಂದಿದ್ದರು, ಬಿಸಿ ಎಂದಿದ್ದರು. ಎಷ್ಟು ಉಪ್ಪು, ಎಷ್ಟು ಬಿಸಿ, ಎಷ್ಟು ದಿನ? ಅಲ್ಲೆಲ್ಲ ಅವನ ನೆನಪಿನಲ್ಲಿ ಇದ್ದದ್ದು ಅವನದೇ ದನಿಯ "ಗೊತ್ತು ಸಾರ್" ಮಾತ್ರ. ಹಲ್ಲು ಕಡಿಯುತ್ತಾ ಕಂಬಳಿ ಹೊದ್ದು ಎತ್ತಿನ ಗಾಡಿಯಲ್ಲಿ ಮಲಗಿದ್ದವನ ಮುಖ ಕಣ್ಣ ಮುಂದೆ ಬಂತು. ಆ ಮುಖ ನಿಧಾನವಾಗಿ ಅವನ ಮುಖವೇ ಆಯಿತು.

ಮಾರನೆಯ ಬೆಳಿಗ್ಗೆ ಗುಂಡ್ಲುಪೇಟೆ ಬಸ್ಸಿನಲ್ಲಿ ಅತ್ತೆ ದೊಡ್ಡಮಲ್ಲಮ್ಮ ಬಂದಿಳಿದರು. ಮಗಳನ್ನು ನೋಡಿಹೋಗಲು ಬಂದದ್ದು. ಗ್ರಹಚಾರ, ನೋಡಿದ್ದು ಮೀನನ್ನು. ಈಕೆ ಸಾಮಾನ್ಯದ ಹೆಂಗಸಲ್ಲ. ಹಿಂದೆ ಗುಂಡ್ಲುಪೇಟೆಗೆ ದೊಡ್ಡ ಅಮ್ಮ, ಎಂದರೆ ಸಿಡುಬು, ಬಂದಾಗ ಬೇವಿನ ಸೊಪ್ಪು ಹಿಡಿದು ಕೇರಿಕೇರಿ ತಿರುಗಿ ಆರೈಕೆ ಮಾಡಿದವರು. ಚರ್ಮದ ಮೇಲಿನ ಒಂದು ಗುಳ್ಳೆ ಕಂಡರೆ ಅದು ಯಾವ ಅಮ್ಮ, ಯಾವ ದಿಕ್ಕಿನಿಂದ ಬಂದವಳು, ಏನು ಬೇಡುತ್ತಾಳೆ ಎಂದು ಹೇಳಬಲ್ಲವರು. ಲಾಟೀನಿನ ಬೆಳಕಿನಲ್ಲಿ ಅವರು ಮೀನನ್ನು ನೋಡಿದರು, ಮೀನು ಅವರನ್ನು ನೋಡಿತು. ಇಬ್ಬರಲ್ಲಿ ಕಣ್ಣು ಮಿಟುಕಿಸಿದ್ದು ದೊಡ್ಡಮಲ್ಲಮ್ಮನವರೇ. ಅಷ್ಟರಲ್ಲಿ ಕಲ್ಲು ಟಿಕ್ ಎಂದಿತು. ಅವರು ಕೈಮುಗಿದುಬಿಟ್ಟರು.

"ಅಳಿಯಂದ್ರೇ, ಕಾಲ್ಗೆಜ್ಜೆ ಸದ್ದು ಕೇಳಿಸ್ತಾ? ಇದು ಮೀನಲ್ಲ ಕಣಪ್ಪ. ಅಮ್ಮ ಬಂದವ್ಳೆ. ಯಾರ್ಗೂ ಯೋಳ್ಬೇಡಿ."

ಯಾರಿಗೂ ಹೇಳಬೇಡಿ ಎಂದವರು ಮಧ್ಯಾಹ್ನದೊಳಗೆ ತಾವೇ ಬೀದಿಗೆಲ್ಲ ಹೇಳಿ ಬಂದರು. ಅದು ಮೀನಿನ ಮೈಯ ಹುಳ ಎಂದು ಪುಟ್ಟಬಸಪ್ಪ ಹೇಳಲು ನೋಡಿದ. ಅತ್ತೆ ಎರಡು ಕಿವಿಯನ್ನೂ ಮುಚ್ಚಿಕೊಂಡು, ಅಮ್ಮನ್ನ ಹುಳ ಅಂದೋರು ಗುಂಡ್ಲುಪೇಟೆಯಲ್ಲಿ ಒಬ್ಬರಿದ್ದರು, ಈಗ ಇಲ್ಲ ಎಂದರು. ಅವನು ಮತ್ತೆ ಹುಳದ ಹೆಸರೆತ್ತಲಿಲ್ಲ.

ಅಮ್ಮ ಬಂದ ಮನೆಯ ಕಟ್ಟಳೆ ನಿಮಗೂ ಗೊತ್ತಿರಬೇಕು. ಒಗ್ಗರಣೆ ಹಾಕಕೂಡದು, ಆ ಚಟಪಟಕ್ಕೆ ಅವಳು ಕೆರಳುತ್ತಾಳೆ. ಕ್ಷೌರ ಮಾಡಿಸಕೂಡದು, ಜೋರಾಗಿ ಮಾತಾಡಕೂಡದು, ಹೋಗಿಬರುತ್ತೇನೆ ಎಂದು ಯಾರಿಗೂ ಹೇಳಕೂಡದು. ಎಲ್ಲಕ್ಕಿಂತ ಮುಖ್ಯ, ಅವಳಿಗೆ ತಂಪು ಬೇಕು. ಬೇವಿನ ಸೊಪ್ಪು, ಮೊಸರು, ತಣ್ಣೀರು. ಉಪ್ಪು ಕೂಡದು, ಖಾರ ಕೂಡದು, ಬಿಸಿಯಂತೂ ಹತ್ತಿರವೇ ಸುಳಿಯಕೂಡದು. ಈಗ ಪುಟ್ಟಬಸಪ್ಪನ ಸ್ಥಿತಿ ನೋಡಿ. ಮೀನು ಉಳಿಯಬೇಕಾದರೆ ಉಪ್ಪು ಬೇಕು, ಬಿಸಿ ಬೇಕು. ಅಮ್ಮ ಒಲಿಯಬೇಕಾದರೆ ಅವೆರಡೇ ಆಗದು. ಒಂದೇ ಪೆಟ್ಟಿಗೆಯಲ್ಲಿ ಇಬ್ಬರು ರೋಗಿಗಳು, ಒಬ್ಬರ ಮದ್ದು ಇನ್ನೊಬ್ಬರಿಗೆ ವಿಷ.

ಬೀದಿಗೆ ಬೀದಿಯೇ ಕಟ್ಟಳೆ ಹಿಡಿಯಿತು. ಬಾಗಿಲುಗಳಿಗೆ ಬೇವು ಕಟ್ಟಿದರು. ಸಂಜೆಯ ಹೊತ್ತು ಸಾಸಿವೆ ಸಿಡಿಯುವ ಸದ್ದಿಲ್ಲ, ಇಂಗಿನ ವಾಸನೆಯಿಲ್ಲ, ಮಕ್ಕಳನ್ನು ಕೂಗುವವರಿಲ್ಲ. ಎಲ್ಲರೂ ಕಾಲು ಊರದ ಹಾಗೆ ನಡೆಯುತ್ತಿದ್ದರು. ಹೊರಗಿನಿಂದ ಬಂದ ಬಳೆಗಾರನೊಬ್ಬ ಬೀದಿಯ ಬಾಯಿಗೆ ಬಂದು, ಮನೆ ತುಂಬ ಜನರಿದ್ದೂ ಇಷ್ಟು ಮೌನವೇಕೆ ಎಂದು ಹೆದರಿ ಮಲಾರವನ್ನು ಎದೆಗವಚಿಕೊಂಡು ಹಿಂದಕ್ಕೆ ಹೋದ. ಆ ಮೌನದಲ್ಲಿ ಪುಟ್ಟಬಸಪ್ಪನ ಕತ್ತಲೆ ಕೋಣೆಯ ಟಿಕ್ ಟಿಕ್ ಮೂರು ಮನೆಯಾಚೆಗೂ ಕೇಳುತ್ತಿತ್ತು.

ಪುಟ್ಟಬಸಪ್ಪನ ತಲೆ ಅಂಥ ಹೊತ್ತಿನಲ್ಲಿ ಓಡುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. ಬಚ್ಚಲ ಹಂಡೆಯಿಂದ ಕುದಿಯುವ ನೀರನ್ನು ಹಿತ್ತಾಳೆ ಚೊಂಬಿಗೆ ತುಂಬಿ, ಬಾಯಿಗೆ ವೀಳ್ಯದೆಲೆ ಜೋಡಿಸಿ, ಮೇಲೊಂದು ತೆಂಗಿನಕಾಯಿ ಕೂರಿಸಿ, ದಾರ ಕಟ್ಟಿ ಪೆಟ್ಟಿಗೆಯ ನೀರಿನಲ್ಲಿ ಇಳಿಬಿಟ್ಟ. ನೋಡುವವರಿಗೆ ಕಳಶ. ನೀರಿಗೆ ಅದೇ ಒಲೆ. ಉಪ್ಪನ್ನು ಕುಟ್ಟಿ ಪುಡಿ ಮಾಡಿ ವಿಭೂತಿ ಸಂಚಿಯಲ್ಲಿ ತುಂಬಿಕೊಂಡು, ಓಂ ನಮಃ ಶಿವಾಯ ಎನ್ನುತ್ತಾ ಬೆಳಿಗ್ಗೆ ಸಂಜೆ ಚಿಟಿಕೆ ಚಿಟಿಕೆ ಉದುರಿಸಿದ. ಎಷ್ಟು ಚಿಟಿಕೆ ಎಂಬುದು ಶಿವನಿಗೂ ಗೊತ್ತಿರಲಿಲ್ಲ. ಅಳಿಯನ ಭಕ್ತಿ ನೋಡಿ ದೊಡ್ಡಮಲ್ಲಮ್ಮನವರಿಗೆ ಕಣ್ಣಾಲಿ ತುಂಬಿತು. ಮದುವೆಯಲ್ಲಿ ತಪ್ಪು ಕೈ ಹಿಡಿದದ್ದನ್ನು ಅವರು ಅವತ್ತು ಮನಸಾರೆ ಕ್ಷಮಿಸಿದರು.

ಇಷ್ಟರಲ್ಲಿ ಹಳೆ ಮಠದ ಬೀದಿಯಲ್ಲಿ ಸಿಡುಬು ಎದ್ದಿದೆ ಎಂಬ ಸುದ್ದಿ ದಾಕು ಹಾಕುವ ಸೋಮಯ್ಯನ ಕಿವಿಗೆ ಬಿತ್ತು. ಸೋಮಯ್ಯ ಸರ್ಕಾರದ ಸೂಜಿ ಪೆಟ್ಟಿಗೆ ಹಿಡಿದು ಊರೂರು ಅಲೆಯುವವನು. ಅವನನ್ನು ಕಂಡರೆ ಜನ ಹಿತ್ತಿಲ ಗೋಡೆ ಹಾರುತ್ತಿದ್ದರು. ಈ ಸಲ ಯಾರೂ ಓಡಲಿಲ್ಲ. ಎಲ್ಲರೂ ಜಗಲಿಗಳ ಮೇಲೆ ಸುಮ್ಮನೆ ಕೂತು ಅವನನ್ನೇ ನೋಡಿದರು. ಅದು ಅವನಿಗೆ ಸರಿಬೀಳಲಿಲ್ಲ. ಪುಟ್ಟಬಸಪ್ಪನ ಬಾಗಿಲಲ್ಲಿ ನಿಂತು, ರೋಗಿ ಯಾರು, ವಯಸ್ಸೆಷ್ಟು ಎಂದು ಕೇಳಿದ. ದೊಡ್ಡಮಲ್ಲಮ್ಮನವರು ತಗ್ಗಿದ ದನಿಯಲ್ಲಿ, ಅವಳ ವಯಸ್ಸು ಹೇಳೋರು ಇನ್ನೂ ಹುಟ್ಟಿಲ್ಲ ಎಂದರು.

"ಮಾತಾಡ್ತಾರಾ?"

"ಬಾಯಿ ಆಡಿಸ್ತಾಳೆ. ಸದ್ದು ಬರಕಿಲ್ಲ."

"ನಿದ್ದೆ?"

"ಅವಳು ಕಣ್ಣು ಮುಚ್ಚಿದ್ನ ಯಾರೂ ಕಂಡಿಲ್ಲ ಕಣಪ್ಪ. ಅಗೋ, ಆ ಕೋಣೇಲವಳೆ. ನೀರೊಳಗೇ ಇರ್ತಾಳೆ."

ಸೋಮಯ್ಯ ಸರ್ಕಾರಿ ನೌಕರ, ಹಿಂದಕ್ಕೆ ಹೋಗುವ ಹಾಗಿರಲಿಲ್ಲ. ಟಾರ್ಚು ಹಿಡಿದು ಒಳಗೆ ಹೋದ. ಬೆಳಕು ಬಿದ್ದಲ್ಲಿ ಒಂದು ತೆಂಗಿನಕಾಯಿ ತೇಲುತ್ತಿತ್ತು, ಅದರ ಹಿಂದಿನಿಂದ ಎರಡು ಗುಡ್ಡೆಗಣ್ಣುಗಳು ನಿಧಾನವಾಗಿ ಈಚೆಗೆ ಬಂದವು. ಟಾರ್ಚು ಕೆಳಗೆ ಬಿದ್ದ ಸದ್ದು ಹೊರಗಿದ್ದವರಿಗೆ ಕೇಳಿಸಿತು. ಹೊರಬಂದ ಸೋಮಯ್ಯ ಯಾರ ಮುಖವನ್ನೂ ನೋಡದೆ, ಬಾಗಿಲ ಮರೆಯಲ್ಲಿ ನಿಂತು ತನ್ನ ತೋಳಿಗೆ ತಾನೇ ಇನ್ನೊಂದು ಸಲ ದಾಕು ಹಾಕಿಕೊಂಡು ಹೊರಟುಹೋದ. ಮೀನನ್ನು ನೋಡಿದ್ದೇನೆಂದು ಅವನು ಯಾರಿಗೂ ಹೇಳಲಿಲ್ಲ. ಅಮ್ಮನನ್ನು ನೋಡಿದ್ದೇನೆಂದೂ ಹೇಳಲಿಲ್ಲ.

ಕೆಲವು ದಿನದಲ್ಲಿ ಚುಕ್ಕೆಗಳು ಉದುರಿಹೋದವು. ಮೀನಿನ ಮೈ ಮತ್ತೆ ಕಪ್ಪಗೆ ಹೊಳೆಯಿತು. ಅಮ್ಮ ಇಳಿದಳು ಎಂದು ಬೀದಿಯವರೆಲ್ಲ ಕೈಮುಗಿದರು. ಪುಟ್ಟಬಸಪ್ಪ ಗೆದ್ದೆನೆಂದು ಉಪ್ಪು ನಿಲ್ಲಿಸಿದ, ಚೊಂಬನ್ನು ತೊಳೆದಿಟ್ಟ. ಚುಕ್ಕೆ ಹೋದ ಹಾಗೆ ಮಾಡಿ ಮತ್ತೆ ಬರುತ್ತದೆ ಎಂದು ಅಮಲ್ದಾರರು ಹೇಳಿದಾಗ ಅವನು ತಲೆಯಾಡಿಸುವುದರಲ್ಲಿ ಮಗ್ನನಾಗಿದ್ದನಲ್ಲ. ಎರಡು ದಿನ ಕಳೆದು ಲಾಟೀನು ಹಿಡಿದು ನೋಡಿದರೆ ಚುಕ್ಕೆ ಮೊದಲಿನ ಎರಡರಷ್ಟಾಗಿತ್ತು. ಕಣ್ಣ ಗುಡ್ಡೆಯ ಮೇಲೂ ಒಂದು ಎದ್ದಿತ್ತು. ಮೀನು ನೀರಿನ ಮೇಲುಭಾಗಕ್ಕೆ ಬಂದು, ಕಿವಿರು ಪಟಪಟ ಬಡಿಯುತ್ತಾ, ಬಾಯನ್ನು ತೆರೆದು ಮುಚ್ಚಿ ಮಾಡುತ್ತಿತ್ತು.

ಅಮ್ಮ ಏನೋ ಹೇಳುತ್ತಿದ್ದಾಳೆ ಎಂದು ಹೆಂಗಸರು ಬಂದು ಪೆಟ್ಟಿಗೆಗೆ ಕಿವಿಗೊಟ್ಟರು. ಒಬ್ಬೊಬ್ಬರಿಗೆ ಒಂದೊಂದು ಕೇಳಿಸಿತು. ಕರಿಬಸಮ್ಮನಿಗೆ ಸತ್ತುಹೋದ ಅತ್ತೆಯ ದನಿ ಕೇಳಿಸಿ, ಆ ಮುದುಕಿಗೆ ಕೊನೆಗಾಲದಲ್ಲಿ ತುಪ್ಪ ಬಡಿಸದೆ ಇದ್ದದ್ದಕ್ಕೆ ಅವಳು ಅಲ್ಲೇ ಕೂತು ಅತ್ತಳು.

ಅಮ್ಮ ಮತ್ತೆ ಎದ್ದಿದ್ದಾಳೆಂದರೆ ಬೀದಿಯಲ್ಲಿ ಯಾರೋ ಕಟ್ಟಳೆ ಮುರಿದಿರಬೇಕು. ಬೀದಿಯ ಹಿರಿಯ, ಬೆಲ್ಲದ ಮಂಡಿಯ ಶಿವರುದ್ರಸ್ವಾಮಿಯವರು ಮನೆಮನೆಗೆ ಹೋಗಿ ಒಗ್ಗರಣೆ ಸೌಟನ್ನು ತರಿಸಿ ಮೂಸಿ ನೋಡಿದರು. ಯಾವ ಸೌಟಿನಲ್ಲೂ ವಾಸನೆಯಿರಲಿಲ್ಲ. ಕರಿಬಸಮ್ಮನ ಸರದಿ ಬಂತು. ಒಗ್ಗರಣೆಯಿಲ್ಲದೆ ತುತ್ತು ಇಳಿಯದ ಜೀವ ಅದು.

"ಸೌಟು ಮುಟ್ಟಿಲ್ಲ ಬುದ್ದಿ. ಆದ್ರೆ ಸುಳ್ಳು ಹೇಳನಾ? ನಿನ್ನೆ ಮನಸಲ್ಲೇ ಸಾಸಿವೆ ಸಿಡಿಸ್ಬುಟ್ಟೆ. ಕರಿಬೇವೂ ಹಾಕ್ದೆ."

ಶಿವರುದ್ರಸ್ವಾಮಿಯವರು ಬಹಳ ಹೊತ್ತು ಯೋಚಿಸಿ, ಅದೂ ತಪ್ಪೇ ಎಂದು ತೀರ್ಮಾನ ಕೊಟ್ಟರು. ಅವಳು ತಂಬಿಟ್ಟಿನ ಆರತಿ ಹೊತ್ತು ಪೆಟ್ಟಿಗೆಯ ಸುತ್ತ ತಿರುಗಿದಳು. ಪುಟ್ಟಬಸಪ್ಪನಿಗೆ ಪಾಪ ಅನ್ನಿಸಿತು, ನಾಚಿಕೆಯೂ ಆಯಿತು. ಆದರೆ ಬಾಯಿ ಬಿಟ್ಟರೆ ಉಪ್ಪಿನ ಸಂಚಿಯೂ ಹೊರಬರುತ್ತದೆ. ಉಪ್ಪು ಹೊರಬಂದರೆ ಮೀನು ಹೋಯಿತು, ಮೀನು ಹೋದರೆ ಪುಣಜನೂರು. ಅವನು ಇನ್ನೆರಡು ಚಿಟಿಕೆ ಹೆಚ್ಚಿಗೆ ಹಾಕಿದ.

ಆ ದಿನದ ಮುಸ್ಸಂಜೆ ಹೆಂಗಸರೆಲ್ಲ ಹೋದಮೇಲೆ ಅವನೊಬ್ಬನೇ ಕೋಣೆಯಲ್ಲಿ ಕೂತ. ಹೊಸದಾಗಿ ಕುದಿಸಿದ ಚೊಂಬು ನೀರಿನಲ್ಲಿ ತೂಗುತ್ತಿತ್ತು. ಮೀನು ಉಜ್ಜುವುದನ್ನು ನಿಲ್ಲಿಸಿತು. ಮೆಲ್ಲಗೆ ತಿರುಗಿ ಗಾಜಿನ ಹತ್ತಿರಕ್ಕೆ, ಅವನ ಮುಖಕ್ಕೆ ಮುಖ ತಂದು ನಿಂತಿತು. ಎರಡೂ ಗುಡ್ಡೆಗಳು ಅವನ ಮೇಲಿದ್ದವು. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಯಾರೋ ಸಾವಧಾನವಾಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳುವ ಹಾಗಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು. ಪುಟ್ಟಬಸಪ್ಪ ತಲೆಯಾಡಿಸಿ, "ಗೊತ್ತು, ಗೊತ್ತು" ಎಂದುಬಿಟ್ಟ.

ಮೀನು ಬಾಯಿ ಮುಚ್ಚಿ, ತೃಪ್ತಿಯಾದ ಹಾಗೆ ಬಾಲ ತಿರುಗಿಸಿ ಕತ್ತಲೆಗೆ ಹೋಯಿತು. ಏನು ಗೊತ್ತು? ತಾನು ಒಪ್ಪಿಕೊಂಡದ್ದು ಯಾವುದಕ್ಕೆ? ಇಷ್ಟು ವರ್ಷದಲ್ಲಿ ಗೊತ್ತು ಎಂದು ಹೇಳಿ ಹೀಗೆ ಭಯವಾದದ್ದು ಅದೇ ಮೊದಲು. ಬಾಗಿಲ ಹಿಂದೆ ಸೀರೆಯ ಸರಬರ ಕೇಳಿಸಿತು. ಅತ್ತೆ ಅಲ್ಲಿ ನಿಂತಿದ್ದರು.

ಬಿಸಿಗೋ ಉಪ್ಪಿಗೋ, ಅಂತೂ ಈ ಸಲ ಚುಕ್ಕೆ ಹೋದದ್ದು ಹೋಗಿಯೇ ಹೋಯಿತು. ಬುದ್ಧಿ ಕಲಿತ ಪುಟ್ಟಬಸಪ್ಪ ಮದ್ದು ನಿಲ್ಲಿಸಲಿಲ್ಲ. ಕಿವಿರು ನೆಟ್ಟಗಾಯಿತು, ಮೀನು ಅವಲಕ್ಕಿ ಚೂರು ತಿನ್ನತೊಡಗಿತು, ಟಿಕ್ ಟಿಕ್ ನಿಂತಿತು. ಅಮಲ್ದಾರರು ನಾಳೆ ಬರುತ್ತಾರೆಂದು ರಾಚಯ್ಯ ಹೇಳಿಹೋದ. ಪುಟ್ಟಬಸಪ್ಪನಿಗೆ ಎಷ್ಟೋ ದಿನದ ಮೇಲೆ ಅನ್ನ ರುಚಿಸಿತು. ನಾನು ಇಲ್ಲೇ ಉಳಿದೆ ಕಣೇ ಎಂದು ಹೆಂಡತಿಯ ಮುಂದೆ ಕುಣಿದ.

ಕುಣಿದು ಮುಗಿಯುವ ಮೊದಲೇ ಬೀದಿಯವರು ಬಂದರು. ಅಮ್ಮ ಶಾಂತಳಾಗಿದ್ದಾಳೆ, ಬೀಳ್ಕೊಡುವ ಮುಂಚೆ ತೀರ್ಥ ಕೊಡಿ ಎಂದರು. ಮೀನಿನ ನೀರನ್ನು ಕುಡಿಯುವುದೇ ಎಂದು ಪುಟ್ಟಬಸಪ್ಪ ತೊದಲುತ್ತಿರುವಾಗಲೇ ಶಿವರುದ್ರಸ್ವಾಮಿಯವರು ಉದ್ಧರಣೆ ಅದ್ದಿ, ಕಣ್ಣು ಮುಚ್ಚಿ, ಬಾಯಿಗೆ ಬಿಟ್ಟುಕೊಂಡರು. ಕಣ್ಣು ಮುಚ್ಚಿದ ಹಾಗೆಯೇ ನಿಂತರು. ಮುಖ ಬಿಳಿಚಿತು.

"ಉಪ್ಪು," ಎಂದರು. "ಉಪ್ಪು ಕಣ್ರಪ್ಪ. ಉಪ್ಪು, ಬೆಚ್ಚಗದೆ."

ಪುಟ್ಟಬಸಪ್ಪ ಗೋಡೆ ಹಿಡಿದುಕೊಂಡ. ಸಿಕ್ಕಿಬಿದ್ದೆ ಎಂದುಕೊಂಡ. ಉದ್ಧರಣೆ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು. ಪ್ರತಿಯೊಬ್ಬರೂ ರುಚಿ ನೋಡಿದರು. ಕೊನೆಗೆ ಅದು ದೊಡ್ಡಮಲ್ಲಮ್ಮನವರ ಹತ್ತಿರ ಬಂತು. ಅವರು ತುಟಿಗೆ ಸೋಕಿಸಿ, ನಾಲಗೆಯಲ್ಲಿ ಆಡಿಸಿ, ನೆಲಕ್ಕೆ ಕೂತುಬಿಟ್ಟರು.

"ಕಣ್ಣೀರು," ಎಂದರು. "ಅಮ್ಮ ಅಳ್ತಾವ್ಳೆ."

ನಿಜ ನೋಡಿ, ಬೆಚ್ಚಗಿನ ಉಪ್ಪುನೀರು ಕಣ್ಣೀರಲ್ಲದೆ ಇನ್ನೇನು? ಆ ತೆರೆದ ಕಣ್ಣುಗಳನ್ನು ಕಂಡ ಯಾರಿಗೂ ಸಂಶಯ ಬರುವಂತಿರಲಿಲ್ಲ. ಯಾಕೆ ಅಳುತ್ತಾಳೆ ಎಂಬ ಪ್ರಶ್ನೆಗೂ ಅತ್ತೆಯೇ ಉತ್ತರ ಕೊಟ್ಟರು. ಬಂದ ಅಮ್ಮ ನಿಲ್ಲುವವಳಲ್ಲ, ಗಡಿ ದಾಟಿಸಿ ಕಳಿಸಬೇಕು, ಅದು ಹಿಂದಿನಿಂದ ನಡೆದುಬಂದದ್ದು. ಬೀದಿಯವರು ಮರೆತಿದ್ದಾರೆಂದು ಅಳುತ್ತಾಳೆ. ಮೊನ್ನೆ ಮುಸ್ಸಂಜೆ ಅಮ್ಮ ಅಳಿಯಂದಿರ ಮುಖಕ್ಕೆ ಮುಖ ಕೊಟ್ಟು, ನನ್ನನ್ನು ಗಡಿಗೆ ಕರೆದುಕೊಂಡು ಹೋಗು ಎಂದು ಕೇಳಿದ್ದಾಳೆ. ಅಳಿಯಂದಿರು ಒಪ್ಪಿಕೊಂಡಿದ್ದಾರೆ.

"ಗೊತ್ತು ಗೊತ್ತು ಅಂದ್ರಲ್ಲ, ನಾನೇ ಕಿವಿಯಾರ ಕೇಳಿವ್ನಿ. ಇಲ್ಲ ಅನ್ನಿ, ನೋಡನ."

ಪುಟ್ಟಬಸಪ್ಪ ಇಲ್ಲ ಎನ್ನಲು ಬಾಯಿ ತೆರೆದ. ಪೆಟ್ಟಿಗೆಯೊಳಗಿಂದ ಮೀನೂ ಬಾಯಿ ತೆರೆಯಿತು. ಅವನು ಬಾಯಿ ಮುಚ್ಚಿಕೊಂಡ.

ಈಗ ಉಳಿದದ್ದು ಅಮಲ್ದಾರರ ಮೇಲಿನ ಆಸೆ. ಇಂಗ್ಲಿಷು ಓದಿದವರು, ಹುಳದ ವಿಷಯ ತಿಳಿದವರು. ಮಾರನೆಯ ದಿನ ಜಟಕಾ ಬೀದಿಯ ಬಾಯಲ್ಲಿ ನಿಂತಾಗ ಪುಟ್ಟಬಸಪ್ಪ ಓಡಿಹೋಗಿ ಎಲ್ಲವನ್ನೂ, ಉಪ್ಪಿನ ಸಂಚಿ ಸಮೇತ, ಅವರ ಮುಂದೆ ಒಪ್ಪಿಸಿದ. ಅಮಲ್ದಾರರು ಒಳಗೆ ಬಂದು ಮೀನನ್ನು ನೋಡಿ ಹಿಗ್ಗಿದರು. ಕಿವಿರು ನೋಡಿದರು, ರೆಕ್ಕೆ ನೋಡಿದರು, ನಾನಾದರೂ ಇಷ್ಟು ಚೆನ್ನಾಗಿ ಗುಣ ಮಾಡುತ್ತಿರಲಿಲ್ಲ ಎಂದರು. ಪುಟ್ಟಬಸಪ್ಪನ ಕಣ್ಣಲ್ಲಿ ನೀರು ಬಂತು. ಆದರೆ ಅಷ್ಟು ಹೊತ್ತಿಗೆ ಹೊರಗೆ ಜಟಕಾದಲ್ಲಿ ಕೂತಿದ್ದ ಅವರ ಹೆಂಡತಿ ಯಶೋದಮ್ಮನವರ ಪಕ್ಕಕ್ಕೆ ದೊಡ್ಡಮಲ್ಲಮ್ಮನವರು ಹತ್ತಿ ಕೂತಿದ್ದರು.

ಯಶೋದಮ್ಮನವರು ಗಾಡಿಯಿಂದ ಇಳಿಯಲೇ ಇಲ್ಲ. ಗಂಡನನ್ನು ಕರೆಸಿ ಒಂದೇ ಮಾತು ಕೇಳಿದರು. "ಮಗಳು ಬಾಣಂತನಕ್ಕೆ ಬರ್ತಾಳೆ. ಹಸುಗೂಸು ಇರೋ ಮನೆಗೆ ಇದನ್ನು ತಂದಿಡ್ತೀರಾ?"

ಅಮಲ್ದಾರರು ತಾಲ್ಲೂಕಿಗೆಲ್ಲ ಅಮಲ್ದಾರರು. ಆ ಗಾಡಿಯ ಮುಂದೆ ಮಾತ್ರ ಅವರೊಬ್ಬ ಸಾಮಾನ್ಯ ಗುಮಾಸ್ತ. ಕೆರೆಗೆ ಬಿಡೋಣವೇ ಎಂದು ಕೇಳಿ ನೋಡಿದರು. ಊರೇ ಕುಡಿಯುವ ನೀರು, ಆಮೇಲೆ ಮನೆಮನೆಗೂ ಬರುತ್ತಾಳೆ ಎಂದರು ಶಿವರುದ್ರಸ್ವಾಮಿಯವರು. ಕೊಲ್ಲುವ ಮಾತನ್ನು ಯಾರೂ ಬಾಯಿಗೆ ತರಲಿಲ್ಲ. ಗಡಿಗೇ ಕಳಿಸಬೇಕು, ಅಮ್ಮ ಯಾರನ್ನು ಕೇಳಿದಳೋ ಅವರೇ ಜೊತೆಗಿರಬೇಕು ಎಂದು ಬೀದಿಯ ತೀರ್ಪಾಯಿತು. ಅಮಲ್ದಾರರು ಪುಟ್ಟಬಸಪ್ಪನ ಹೆಗಲ ಮೇಲೆ ಕೈಯಿಟ್ಟರು. ಅವರಿಗೂ ನಿಜವಾಗಿ ಸಂಕಟವಾಗಿತ್ತು.

"ಮೀನು ಸತ್ತಿದ್ದರೆ ಸಿಟ್ಟಿನಲ್ಲಿ ನಾಲ್ಕು ಮಾತು ಆಡಿ ಸುಮ್ಮನಾಗುತ್ತಿದ್ದೆ, ಪುಟ್ಟಬಸಪ್ಪನವರೇ. ನೀವು ಉಳಿಸಿಬಿಟ್ಟಿರಿ. ಗಡಿ ಎಂದರೆ ನಮ್ಮಲ್ಲಿ ಯಾವುದು ಅಂತ ನಿಮಗೆ..."

"ಗೊತ್ತು ಸಾರ್," ಎಂದ ಪುಟ್ಟಬಸಪ್ಪ.

ಅಮ್ಮನನ್ನು ಬೀದಿಯವರು ಮರ್ಯಾದೆಯಿಂದಲೇ ಕಳಿಸಿದರು. ತಮಟೆ, ಬೇವು, ಆರತಿ ಎಲ್ಲ ಇತ್ತು. ಊರ ಹೊರಗಿನ ತನಕ ಬಂದರು. ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಪುಟ್ಟಬಸಪ್ಪ, ಗಂಟುಮೂಟೆ ಹಿಡಿದು ಮಂಗಳಗೌರಿ ಬಸ್ಸಿನಲ್ಲಿ ಕೂತರು. ಕಂಡಕ್ಟರು ಹತ್ತಿರಕ್ಕೂ ಬರಲಿಲ್ಲ, ಟಿಕೀಟೂ ಕೇಳಲಿಲ್ಲ. ಅಮ್ಮನ ಜೊತೆ ಹೋಗುವವರು ತಿರುಗಿ ನೋಡಕೂಡದು, ಕಳಿಸಿದವರೂ ತಿರುಗಿ ನೋಡಕೂಡದು. ಅವನು ನೋಡಲಿಲ್ಲ. ಬೆನ್ನ ಹಿಂದೆ ತಮಟೆ ದೂರವಾಗುವುದು ಕೇಳಿಸಿತು. ಇಷ್ಟು ಜನ ಇಷ್ಟು ಪ್ರೀತಿಯಿಂದ ತನ್ನನ್ನು ಊರು ಬಿಡಿಸುತ್ತಿದ್ದಾರಲ್ಲ ಎಂದು ಅವನಿಗೆ ಅಳು ಬಂತು. ಎರಡು ಹನಿ ಪೆಟ್ಟಿಗೆಯೊಳಗೂ ಬಿತ್ತು.

ಅವರು ಪುಣಜನೂರಿಗೆ ಹೋಗಿ ಈಗ ಬಹಳ ದಿನವಾಯಿತು. ಗಡಿ ಕಟ್ಟೆಯ ಕಿಟಕಿಯ ಪಕ್ಕ ಗಾಜಿನ ಪೆಟ್ಟಿಗೆಯಿದೆ. ತಮಿಳು ಸೀಮೆಯ ಲಾರಿಯವರು ಇಳಿದು, ಮಾರಿಯಮ್ಮ ಎಂದು ಕೆನ್ನೆ ಬಡಿದುಕೊಂಡು, ಅದರ ಮುಂದೆ ನಿಂಬೆಹಣ್ಣು ಇಟ್ಟು ಹೋಗುತ್ತಾರೆ. ಚಳಿಜ್ವರ ಇನ್ನೂ ಪುಟ್ಟಬಸಪ್ಪನ ಹತ್ತಿರ ಸುಳಿದಿಲ್ಲ. ಆನೆಗಳು ರಸ್ತೆಯ ಆಚೆಗೆ ಬಂದು ನಿಂತು, ಸೊಂಡಿಲೆತ್ತಿ ಗಾಳಿ ಮೂಸಿ, ಹಾಗೆಯೇ ಹಿಂದಕ್ಕೆ ಹೋಗುತ್ತವೆ. ಮೀನಿನ ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ಮತ್ತೆ ಉಜ್ಜಿಕೊಂಡೀತೆಂಬ ಭಯಕ್ಕೆ ಅವನು ತಳದ ಬೆಣಚುಕಲ್ಲುಗಳನ್ನೆಲ್ಲ ಬಂದ ವಾರವೇ ತೆಗೆದು ಹೊರಗೆ ಎಸೆದಿದ್ದ.

ಆದರೂ ದೀಪ ಹಚ್ಚುವ ಹೊತ್ತಿಗೆ ಸದ್ದು ಬರುತ್ತದೆ. ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್, ಟಿಕ್.

ಮೊನ್ನೆ ಸಂಜೆಯೂ ಬಂತು. ಮಂಗಳಗೌರಿ ಸಾರಿನ ಒಗ್ಗರಣೆಗೆ ಎಣ್ಣೆ ಕಾಯಿಸುತ್ತಿದ್ದಳು. ಅವನು ಒಳಗೆ ಹೋಗಿ ಬಾಣಲೆಯನ್ನು ಒಲೆಯಿಂದ ಇಳಿಸಿದ. ಹೊರಗೆ ಬಂದು ಪೆಟ್ಟಿಗೆಯ ಮುಂದೆ ಕಾಲು ಮಡಿಸಿ ಕೂತ. ಮೀನು ಬಂದು ಅವನ ಮುಖಕ್ಕೆ ಮುಖ ಕೊಟ್ಟು ನಿಂತು, ಮೆಲ್ಲಗೆ ಬಾಯಿ ತೆರೆಯಿತು. ಪುಟ್ಟಬಸಪ್ಪ ತಲೆಯಾಡಿಸಲಿಲ್ಲ. ಕೈಮುಗಿದು, ಜನ್ಮದಲ್ಲಿ ಮೊದಲ ಸಲ ಒಂದು ಮಾತನ್ನು ಹೇಳಿದ.

"ಗೊತ್ತಿಲ್ಲ ತಾಯಿ. ನೀನೇ ಹೇಳು."